ಹಣ ಯಾರ ಕಂಪನಿಗೆ ಹೋಯಿತು? ಪ್ರವರ್ತಕರ ಒಳವ್ಯವಹಾರವೂ ವಾರ್ಷಿಕ ವರದಿಯ ಒಂದು ಟಿಪ್ಪಣಿಯೂ

ನೀವು ಷೇರು ಕೊಂಡಿರುವ ಒಂದು ಲಿಸ್ಟೆಡ್ ಕಂಪನಿಯ ವಾರ್ಷಿಕ ವಹಿವಾಟು 18,000 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಪ್ರವರ್ತಕರ, ಅಂದರೆ ಕಂಪನಿಯನ್ನು ಕಟ್ಟಿ ಅದರ ಮೇಲೆ ಹಿಡಿತ ಇಟ್ಟುಕೊಂಡವರ, ಕುಟುಂಬಕ್ಕೆ ಸೇರಿದ ಇನ್ನೊಂದು ಕಂಪನಿಯಿಂದ ವರ್ಷಕ್ಕೆ 1,500 ಕೋಟಿಯ ಕಚ್ಚಾವಸ್ತು ಕೊಳ್ಳಲು ಅದು ಹೊರಟಿದೆ. ಇದಕ್ಕೆ ನಿಮ್ಮಂಥ ಷೇರುದಾರರ ಮತ ಬೇಕೇ? 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಬೇಕು. 1,000 ಕೋಟಿ ಅಥವಾ ಕ್ರೋಡೀಕೃತ ವಹಿವಾಟಿನ (ಅಂಗಸಂಸ್ಥೆಗಳದ್ದನ್ನೂ ಸೇರಿಸಿದ ವಹಿವಾಟಿನ) ಶೇ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದ ವ್ಯವಹಾರ ಷೇರುದಾರರ ಮುಂದೆ ಬರಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ಮಂಡಳಿ ಒಪ್ಪಿದ ಹೊಸ ಲೆಕ್ಕದಂತೆ ಬೇಕಿಲ್ಲ. ಏಕೆಂದರೆ ಈ ಕಂಪನಿಗೆ ಹೊಸ ಮಿತಿ 1,800 ಕೋಟಿ.

ಹೊಸ ಲೆಕ್ಕ ಹೀಗಿದೆ. 20,000 ಕೋಟಿವರೆಗಿನ ವಹಿವಾಟಿಗೆ ಶೇ 10. ಅದರಿಂದ 40,000 ಕೋಟಿವರೆಗೆ 2,000 ಕೋಟಿ ಮತ್ತು 20,000 ದಾಟಿದ ಭಾಗದ ಶೇ 5. ಅದಕ್ಕೂ ಮೇಲೆ 3,000 ಕೋಟಿ ಮತ್ತು 40,000 ದಾಟಿದ ಭಾಗದ ಶೇ 2.5. ಗರಿಷ್ಠ ಮಿತಿ 5,000 ಕೋಟಿ. ಗುಣಿಸಿ ನೋಡಿದರೆ 1,20,000 ಕೋಟಿ ವಹಿವಾಟಿನ ಹೊತ್ತಿಗೆ ಆ ಗರಿಷ್ಠ ಮಿತಿ ಮುಟ್ಟುತ್ತದೆ. 10,000 ಕೋಟಿಗಿಂತ ಕಡಿಮೆ ವಹಿವಾಟಿನ ಕಂಪನಿಗಳಿಗೆ ಇದರಿಂದ ಏನೂ ಬದಲಾಗದು. ಅವುಗಳಿಗೆ ಮೊದಲೂ ಶೇ 10, ಈಗಲೂ ಶೇ 10. ಸಡಿಲವಾಗಿರುವುದು ದೊಡ್ಡ ಕಂಪನಿಗಳಿಗೆ ಮಾತ್ರ. ದೊಡ್ಡ ಕಂಪನಿಯಲ್ಲಿ 1,000 ಕೋಟಿಯ ನಿತ್ಯದ ಖರೀದಿಗೂ ಮತ ಕೇಳುತ್ತ ಕೂರುವುದು ಕಷ್ಟ ಎಂಬ ವಾದ ಇದರ ಹಿಂದಿದೆ. ವಾದದಲ್ಲಿ ಹುರುಳಿಲ್ಲ ಎನ್ನಲಾಗದು.

ಮಿತಿ ಎಲ್ಲಿರಬೇಕು ಎಂಬ ಚರ್ಚೆ ಬೇಕಾದದ್ದೇ. ಆದರೆ ಕಂಪನಿಯಿಂದ ಹಣ ಸೋರುವುದು ಹೇಗೆ ಎಂದು ಕಳೆದ ಇಪ್ಪತ್ತೈದು ವರ್ಷ ನಡೆದ ಸಂಶೋಧನೆಯನ್ನು ಓದಿದವರಿಗೆ ಬೇರೆ ಮೂರು ಪ್ರಶ್ನೆಗಳು ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಹಣ ಯಾವ ಸಾಲಿನಲ್ಲಿ ಅಡಗಿ ಹೊರಹೋಗುತ್ತದೆ? ಕಾವಲುಗಾರನನ್ನು ನೇಮಿಸುವವರು ಯಾರು? ಅವನಿಗೆ ಸಂಬಳ ಕೊಡುವವರು ಯಾರು?

ಸುರಂಗದ ಲೆಕ್ಕ

ಕಾರ್ಪೊರೇಟ್ ಆಡಳಿತದ ಪಠ್ಯಗಳು ಬಹುಪಾಲು ಅಮೆರಿಕದ ಸಮಸ್ಯೆಯಿಂದ ಹುಟ್ಟಿದವು. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಷೇರು ಲಕ್ಷಾಂತರ ಜನರಲ್ಲಿ ಹಂಚಿಹೋಗಿರುತ್ತದೆ, ಅಧಿಕಾರ ಸಂಬಳದ ಮ್ಯಾನೇಜರ್ ಕೈಯಲ್ಲಿರುತ್ತದೆ. ಅವನನ್ನು ಹಿಡಿತದಲ್ಲಿಡುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಭಾರತದಲ್ಲಿ ಹೆಚ್ಚಿನ ಕಂಪನಿಗಳಿಗೆ ಒಬ್ಬ ಪ್ರವರ್ತಕ ಅಥವಾ ಒಂದು ಕುಟುಂಬ ಇರುತ್ತದೆ. ಮ್ಯಾನೇಜರನ್ನು ಅವರೇ ನೋಡಿಕೊಳ್ಳುತ್ತಾರೆ. ಇಲ್ಲಿ ಅಪಾಯ ಇರುವುದು ಪ್ರವರ್ತಕ ಮತ್ತು ಉಳಿದ ಷೇರುದಾರರ ನಡುವೆ.

ಲೆಕ್ಕ ಸರಳ. ಲಿಸ್ಟೆಡ್ ಕಂಪನಿಯಲ್ಲಿ ಪ್ರವರ್ತಕನ ಪಾಲು ಶೇ 20, ತನ್ನ ಖಾಸಗಿ ಕಂಪನಿಯಲ್ಲಿ ಶೇ 90. ಲಿಸ್ಟೆಡ್ ಕಂಪನಿಯಿಂದ ಖಾಸಗಿ ಕಂಪನಿಗೆ 100 ರೂಪಾಯಿ ಸರಿದರೆ ಅವನು ಕಳೆದುಕೊಳ್ಳುವುದು 20, ಗಳಿಸುವುದು 90. ನಿವ್ವಳ 70 ರೂಪಾಯಿ ಲಾಭ. ಲಿಸ್ಟೆಡ್ ಕಂಪನಿಯ ಉಳಿದ ಷೇರುದಾರರಿಗೆ 80 ರೂಪಾಯಿ ನಷ್ಟ. ಎರಡು ಕಡೆಯ ಪಾಲಿನ ನಡುವೆ ಅಂತರ ಹೆಚ್ಚಿದಷ್ಟೂ ಆಸೆಯೂ ಹೆಚ್ಚು. 2000ನೇ ಇಸವಿಯಲ್ಲಿ ಸೈಮನ್ ಜಾನ್ಸನ್, ರಾಫೆಲ್ ಲಾ ಪೋರ್ಟಾ, ಫ್ಲೊರೆನ್ಸಿಯೊ ಲೋಪೆಜ್-ಡಿ-ಸಿಲಾನೆಸ್, ಆಂಡ್ರೇ ಶ್ಲೈಫರ್ ಇದಕ್ಕೆ ಸುರಂಗ ತೋಡುವುದು ಎಂಬ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದರು. ಮೇಲ್ನೋಟಕ್ಕೆ ಗೋಡೆ ಗಟ್ಟಿಯಾಗಿರುತ್ತದೆ, ಹಣ ನೆಲದಡಿಯಲ್ಲಿ ಹೋಗುತ್ತದೆ.

ಅದನ್ನು ಅಳೆಯುವುದು ಹೇಗೆ? ಸುರಂಗ ತೋಡಿದವರು ಅದನ್ನು ಲೆಕ್ಕದಲ್ಲಿ ಬರೆದಿಡುವುದಿಲ್ಲ. 2002ರಲ್ಲಿ ಮರಿಯಾನ್ ಬರ್ಟ್ರಾಂಡ್, ಪಾರಸ್ ಮೆಹ್ತಾ, ಸೆಂಧಿಲ್ ಮುಲ್ಲೈನಾಥನ್ ಭಾರತದ ಉದ್ಯಮ ಗುಂಪುಗಳ ಅಂಕಿ ಅಂಶ ಹಿಡಿದು ಒಂದು ಜಾಣ ದಾರಿ ಹುಡುಕಿದರು. ಒಂದು ಉದ್ಯಮಕ್ಕೆ ಒಳ್ಳೆಯ ವರ್ಷ ಬಂದರೆ ಆ ಉದ್ಯಮದ ಎಲ್ಲ ಕಂಪನಿಗಳ ಲಾಭವೂ ಏರಬೇಕು. ಯಾವ ಗುಂಪಿಗೂ ಸೇರದ ಒಂಟಿ ಕಂಪನಿಯಲ್ಲಿ ಏರುವಷ್ಟು ಗುಂಪಿನ ಕಂಪನಿಯಲ್ಲಿ ಏರದಿದ್ದರೆ, ಅದರಲ್ಲೂ ಪ್ರವರ್ತಕರ ಪಾಲು ಕಡಿಮೆ ಇರುವ ಕಂಪನಿಯ ಏರಿಕೆ ಪಾಲು ಹೆಚ್ಚಿರುವ ಕಂಪನಿಯಲ್ಲಿ ಕಾಣಿಸಿಕೊಂಡರೆ, ಲಾಭ ನಡುವೆ ಎಲ್ಲೋ ಸರಿದಿದೆ ಎಂದರ್ಥ. ಹಾಗೆ ಸರಿಯುತ್ತಿರುವುದು ಅವರ ಅಂಕಿಗಳಲ್ಲಿ ಕಂಡಿತು. ಬಹುಪಾಲು ಸರಿದದ್ದು ಮುಖ್ಯ ವ್ಯಾಪಾರದ ಸಾಲುಗಳಲ್ಲಲ್ಲ, ವ್ಯಾಪಾರೇತರ ಆದಾಯ ಮತ್ತು ವೆಚ್ಚದ ಸಾಲುಗಳಲ್ಲಿ.

ಈ ತೀರ್ಮಾನ ಪ್ರಶ್ನೆಗೊಳಗಾಗದೆ ಉಳಿಯಲಿಲ್ಲ. 2012ರಲ್ಲಿ ಜೋರ್ಡನ್ ಸೀಗಲ್ ಮತ್ತು ಪೃಥ್ವಿರಾಜ್ ಚೌಧುರಿ ಹೊಸ ದತ್ತಾಂಶ, ಹೊಸ ವಿಧಾನ ಹಿಡಿದು ಮರುಪರೀಕ್ಷೆ ಮಾಡಿದರು. ಗುಂಪಿನ ಕಂಪನಿಗಳ ವ್ಯಾಪಾರದ ಬಗೆಯೇ ಒಂಟಿ ಕಂಪನಿಗಳಿಗಿಂತ ಬೇರೆ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುರಂಗದ ಗುರುತು ಅಷ್ಟು ಸ್ಪಷ್ಟವಲ್ಲ ಎಂದರು. ನನ್ನ ಓದಿನಲ್ಲಿ ಎರಡೂ ಕೆಲಸ ಗಂಭೀರವಾದವು. ಗುಂಪು ಎಂದ ಮಾತ್ರಕ್ಕೆ ಕಳ್ಳತನ ಎನ್ನುವುದು ತಪ್ಪು. ಕಂಪನಿ ಕಷ್ಟದಲ್ಲಿದ್ದಾಗ ಪ್ರವರ್ತಕರು ತಮ್ಮ ಹಣ ಹಾಕಿ ಎತ್ತಿದ ಉದಾಹರಣೆಗಳೂ ಉಂಟು. ಹಾಗಾಗಿ ಸರಾಸರಿ ಏನು ಹೇಳುತ್ತದೆ ಎಂಬುದಕ್ಕಿಂತ, ನಿಮ್ಮೆದುರಿಗಿರುವ ಒಂದು ಕಂಪನಿಯ ಯಾವ ಸಾಲನ್ನು ನೋಡಬೇಕು ಎಂಬುದೇ ಹೂಡಿಕೆದಾರರಿಗೆ ಉಪಯುಕ್ತ.

ಆ ಸಾಲನ್ನು ಬೆರಳಿಟ್ಟು ತೋರಿಸಿದ್ದು ಚೀನಾದ ಮೇಲಿನ ಅಧ್ಯಯನ. ಗುವೊಹುವಾ ಜಿಯಾಂಗ್, ಚಾರ್ಲ್ಸ್ ಲೀ, ಹೆಂಗ್ ಯೂ 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ 1996ರಿಂದ 2006ರವರೆಗಿನ ಲೆಕ್ಕ ತೆಗೆದರು. ಲಿಸ್ಟೆಡ್ ಕಂಪನಿಗಳಿಂದ ಹಿಡಿತವಿರುವ ಷೇರುದಾರರಿಗೆ ಹೋದ ಸಾಲ, ಬ್ಯಾಲೆನ್ಸ್ ಶೀಟಿನಲ್ಲಿ 'ಇತರ ಬರಬೇಕಾದ ಬಾಕಿ' ಎಂಬ ಸಾಧಾರಣ ಹೆಸರಿನ ಸಾಲಿನಲ್ಲಿ ಕೂತಿತ್ತು. ಅದೇನೂ ಗುಟ್ಟಾಗಿರಲಿಲ್ಲ, ಮುದ್ರಿತ ವರದಿಯಲ್ಲೇ ಇತ್ತು. ಈ ಬಾಕಿ ಆಸ್ತಿಗೆ ಹೋಲಿಸಿದರೆ ದೊಡ್ಡದಾಗಿದ್ದ ಕಂಪನಿಗಳು ಮುಂದಿನ ವರ್ಷಗಳಲ್ಲಿ ನಷ್ಟಕ್ಕೆ ಬೀಳುವ ಸಾಧ್ಯತೆಯೂ ಹೆಚ್ಚಾಗಿತ್ತು.

ಚಿಕ್ಕಮಗಳೂರಿನ ಕಾಫಿ, ಮಾರ್ಚ್ 31ರ ಲೆಕ್ಕ

ಕರ್ನಾಟಕದ ಓದುಗರಿಗೆ ಇದರ ಹತ್ತಿರದ ಉದಾಹರಣೆ ಕಾಫಿ ಡೇ ಎಂಟರ್‌ಪ್ರೈಸಸ್. ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡ ಮೇಲೆ ಕಂಪನಿ ಮಂಡಳಿ ಸಿಬಿಐನ ನಿವೃತ್ತ ಅಧಿಕಾರಿಯೊಬ್ಬರಿಂದ ತನಿಖೆ ಮಾಡಿಸಿತು. 2020ರ ಜುಲೈನಲ್ಲಿ ಹೊರಬಂದ ಆ ವರದಿಯ ಪ್ರಕಾರ, ಕುಟುಂಬದ ಖಾಸಗಿ ಕಂಪನಿಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್, ಲಿಸ್ಟೆಡ್ ಕಂಪನಿಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಕೊಡಬೇಕಿತ್ತು. 2019ರ ಮಾರ್ಚ್ 31ರ ಲೆಕ್ಕಪರಿಶೋಧಿತ ಕ್ರೋಡೀಕೃತ ವರದಿಯಲ್ಲಿ ಕಂಡ ಬಾಕಿ ಮಾತ್ರ 842 ಕೋಟಿ. ಉಳಿದ 2,693 ಕೋಟಿ ಆ ತಾರೀಖಿನ ಚಿತ್ರದಲ್ಲಿ ಇರಲೇ ಇಲ್ಲ. 2023ರ ಜನವರಿ 24ರ ಆದೇಶದಲ್ಲಿ ಸೆಬಿ, ಏಳು ಅಂಗಸಂಸ್ಥೆಗಳಿಂದ ಈ 3,535 ಕೋಟಿ ಬೇರೆಡೆ ಹರಿದಿದೆ ಎಂದು ಹೇಳಿ ಲಿಸ್ಟೆಡ್ ಕಂಪನಿಗೆ 26 ಕೋಟಿ ದಂಡ ವಿಧಿಸಿತು. ಹರಿದ ಮೊತ್ತದ ಶೇ 1ಕ್ಕಿಂತ ಕಡಿಮೆ ಅದು. ದಂಡ ಬಿದ್ದದ್ದೂ ಕಂಪನಿಯ ಮೇಲೆ, ಅಂದರೆ ಹಣ ಕಳೆದುಕೊಂಡ ಷೇರುದಾರರ ಜೇಬಿನ ಮೇಲೇ. ಇದು ನನಗೆ ಇಂದಿಗೂ ಸರಿ ಕಾಣದ ಸಂಗತಿ.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಹಣ ಹೋದದ್ದು ಲಿಸ್ಟೆಡ್ ತಾಯಿ ಕಂಪನಿಯಿಂದ ನೇರವಾಗಿ ಅಲ್ಲ, ಅಂಗಸಂಸ್ಥೆಗಳಿಂದ. ತಾಯಿ ಕಂಪನಿಯ ಪ್ರತ್ಯೇಕ ಲೆಕ್ಕ ಮಾತ್ರ ಓದಿದವರಿಗೆ ಇದು ಕಾಣುವಂತಿರಲಿಲ್ಲ. ಎರಡು, ಬ್ಯಾಲೆನ್ಸ್ ಶೀಟ್ ಒಂದು ದಿನದ ಫೋಟೊ. ಮಾರ್ಚ್ 31ರಂದು ಬಾಕಿ ಎಷ್ಟಿತ್ತು ಎಂದು ಅದು ಹೇಳುತ್ತದೆ, ಫೆಬ್ರುವರಿಯಲ್ಲಿ ಎಷ್ಟಿತ್ತು, ಜೂನ್‌ನಲ್ಲಿ ಎಷ್ಟಾಯಿತು ಎಂದು ಹೇಳದು. ವರ್ಷದ ಕೊನೆಯ ವಾರದಲ್ಲಿ ಹಣ ವಾಪಸ್ ಬಂದಂತೆ ಮಾಡಿ, ಏಪ್ರಿಲ್‌ನಲ್ಲಿ ಮತ್ತೆ ಕಳುಹಿಸುವುದು ಹಳೆಯ ತಂತ್ರ. ಗುಂಪಿನ ಮೂರು ನಾಲ್ಕು ಕಂಪನಿಗಳ ಖಾತೆಗಳಲ್ಲಿ ಅದೇ ಹಣವನ್ನು ಒಂದೇ ದಿನ ಸುತ್ತಿಸಿದರೆ ಹಳೆ ಸಾಲ ತೀರಿ ಹೊಸ ಸಾಲ ಹುಟ್ಟಿದಂತೆ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಅದಕ್ಕೆ ಸಾಕ್ಷಿ ಹೇಳುತ್ತದೆ.

ನಿಯಮಗಳು ಈ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿವೆ. 2022ರಿಂದ ಅಂಗಸಂಸ್ಥೆ ಮಾಡುವ ಸಂಬಂಧಿತ ಪಕ್ಷದ ವ್ಯವಹಾರವೂ (ಪ್ರವರ್ತಕರು, ಅವರ ಕುಟುಂಬ, ಅವರ ಕಂಪನಿಗಳಂಥ ಒಳಗಿನವರ ಜತೆಗಿನ ವ್ಯವಹಾರ) ಲಿಸ್ಟೆಡ್ ಕಂಪನಿಯ ನಿಯಮದೊಳಗೆ ಬಂದಿದೆ. 2023ರ ಏಪ್ರಿಲ್ 1ರಿಂದ, ನಡುವೆ ಅಪರಿಚಿತನೊಬ್ಬನನ್ನು ನಿಲ್ಲಿಸಿದರೂ ಉದ್ದೇಶ ಮತ್ತು ಪರಿಣಾಮ ಸಂಬಂಧಿತರಿಗೆ ಲಾಭ ಮಾಡಿಕೊಡುವುದೇ ಆಗಿದ್ದರೆ ಅದೂ ಸಂಬಂಧಿತ ವ್ಯವಹಾರವೇ. ಅದೇ ದಿನದಿಂದ ಶೇ 10ರಷ್ಟು ಷೇರು ಇರುವವರೂ ಸಂಬಂಧಿತರ ಪಟ್ಟಿಗೆ ಸೇರಿದರು. ಆಡಿಟ್ ಸಮಿತಿಯಲ್ಲಿ ಇಂಥ ವ್ಯವಹಾರಗಳಿಗೆ ಒಪ್ಪಿಗೆ ಕೊಡುವ ಅಧಿಕಾರ ಈಗ ಸ್ವತಂತ್ರ ನಿರ್ದೇಶಕರಿಗೆ, ಅಂದರೆ ಪ್ರವರ್ತಕರ ಜತೆ ನಂಟಿಲ್ಲದ ನಿರ್ದೇಶಕರಿಗೆ ಮಾತ್ರ.

ಅಲ್ಲಿಗೆ ಎಲ್ಲ ಭಾರ ಸ್ವತಂತ್ರ ನಿರ್ದೇಶಕರ ಹೆಗಲ ಮೇಲೆ ಬಿತ್ತು.

ಅವರನ್ನು ನೇಮಿಸುವವರು ಯಾರು

2008ರ ಡಿಸೆಂಬರ್ 16ರಂದು ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್ ಮಂಡಳಿಯ ಸಭೆ ನಡೆಯಿತು. ಮಂಡಳಿಯಲ್ಲಿದ್ದ ಸ್ವತಂತ್ರ ನಿರ್ದೇಶಕರಲ್ಲಿ ಹೈದರಾಬಾದಿನ ಹೆಸರಾಂತ ಬಿಸಿನೆಸ್ ಶಾಲೆಯ ಡೀನ್, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು. ಹಾರ್ವರ್ಡ್‌ನ ಪ್ರಾಧ್ಯಾಪಕರೊಬ್ಬರೂ ಮಂಡಳಿಯಲ್ಲಿದ್ದರು. ಪ್ರವರ್ತಕರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳುವ ಪ್ರಸ್ತಾವಕ್ಕೆ ಮಂಡಳಿ ಒಪ್ಪಿತು. ಅದನ್ನು ತಡೆದದ್ದು ನಿರ್ದೇಶಕರಲ್ಲ. ಹೂಡಿಕೆದಾರರು ಸಿಟ್ಟಿಗೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಪ್ರಸ್ತಾವ ಹಿಂದಕ್ಕೆ ಹೋಯಿತು. ಮೂರು ವಾರ ಕಳೆದು, 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರ, ಕಂಪನಿಯ ಲೆಕ್ಕವೇ ಸುಳ್ಳು ಎಂದು ಒಪ್ಪಿಕೊಂಡು, ಉಳಿದದ್ದನ್ನು ಹೇಳಿತು. ಸತ್ಯಂಗೆ ಆ ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಉತ್ತಮ ಕಾರ್ಪೊರೇಟ್ ಆಡಳಿತಕ್ಕೆಂದು ಪ್ರಶಸ್ತಿ ಬಂದಿತ್ತು. ಸಮಿತಿಗಳ ಸಂಖ್ಯೆ, ನಿರ್ದೇಶಕರ ಅರ್ಹತೆ, ಸಭೆಗಳ ಹಾಜರಿ ಎಣಿಸಿ ಅಂಕ ಕೊಡುವ ಯಾವ ಪಟ್ಟಿಯಲ್ಲೂ ಆ ಕಂಪನಿ ಚೆನ್ನಾಗಿಯೇ ತೇರ್ಗಡೆಯಾಗುತ್ತಿತ್ತು.

ಇದು ಆ ವ್ಯಕ್ತಿಗಳ ಯೋಗ್ಯತೆಯ ಪ್ರಶ್ನೆಗಿಂತ ಅವರು ಕೂತ ಜಾಗದ ಪ್ರಶ್ನೆ. ವಿಕ್ರಮಾದಿತ್ಯ ಖನ್ನಾ ಮತ್ತು ಶಾನ್ ಮ್ಯಾಥ್ಯೂ ಭಾರತದ ಸ್ವತಂತ್ರ ನಿರ್ದೇಶಕರನ್ನು ಸಂದರ್ಶಿಸಿ ನಡೆಸಿದ ಅಧ್ಯಯನ 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪತ್ರಿಕೆಯಲ್ಲಿ ಬಂತು. ಅಲ್ಲಿ ಮಾತಾಡಿದವರು ತಮ್ಮನ್ನು ಸಣ್ಣ ಷೇರುದಾರರ ಕಾವಲುಗಾರರು ಎಂದುಕೊಂಡಿದ್ದಕ್ಕಿಂತ ಪ್ರವರ್ತಕರ ಸಲಹೆಗಾರರು ಎಂದುಕೊಂಡಿದ್ದೇ ಹೆಚ್ಚು. ಕರೆದವರು ಪ್ರವರ್ತಕರೇ, ಮತ್ತೊಮ್ಮೆ ನೇಮಿಸುವವರೂ ಅವರೇ ಆಗಿದ್ದರೆ ಹೀಗಾಗುವುದು ಸಹಜ.

2022ರ ಜನವರಿ 1ರಿಂದ ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ನಿರ್ಣಯ ಬೇಕು. ಅಂದರೆ ವಿರೋಧದ ಮತಗಳ ಮೂರು ಪಟ್ಟು ಪರ ಮತಗಳು ಬೀಳಬೇಕು. ಕೇಳಲು ಬಿಗಿಯಾಗಿದೆ. ಲೆಕ್ಕ ಹಾಕಿ ನೋಡಿ. ಪ್ರವರ್ತಕರ ಪಾಲು 60, ಸಾರ್ವಜನಿಕರದ್ದು 40. ಸಾರ್ವಜನಿಕರಲ್ಲಿ ಅರ್ಧದಷ್ಟು ಷೇರು ಮಾತ್ರ ಮತಕ್ಕೆ ಬಂದರೆ 20. ಆ 20ರಲ್ಲಿ ಒಂದೊಂದೂ ವಿರುದ್ಧ ಬಿದ್ದರೂ 60 ಎಂಬುದು 20ರ ಮೂರು ಪಟ್ಟು, ನೇಮಕ ಆಯಿತು. ಮತ ಹಾಕದೆ ಮನೆಯಲ್ಲಿ ಕೂತ ಷೇರುದಾರನೇ ಪ್ರವರ್ತಕನ ತಕ್ಕಡಿಗೆ ತೂಕ ಹಾಕಿದಂತೆ. ನೇಮಕವನ್ನು ಸಾರ್ವಜನಿಕ ಷೇರುದಾರರ ಪ್ರತ್ಯೇಕ ಬಹುಮತಕ್ಕೂ ಒಪ್ಪಿಸಬೇಕು ಎಂಬ ಪ್ರಸ್ತಾವವನ್ನು ಸೆಬಿ ಒಮ್ಮೆ ಚರ್ಚೆಗೆ ಇಟ್ಟಿತ್ತು. ಕೊನೆಗೆ ವಿಶೇಷ ನಿರ್ಣಯಕ್ಕೆ ನಿಂತಿತು. 2022ರ ನವೆಂಬರ್‌ನಲ್ಲಿ ಸೇರಿದ ಪರ್ಯಾಯದಂತೆ, ವಿಶೇಷ ನಿರ್ಣಯ ಸೋತರೂ ಒಟ್ಟು ಮತದ ಸರಳ ಬಹುಮತ ಮತ್ತು ಸಾರ್ವಜನಿಕರ ಬಹುಮತ ಎರಡೂ ಇದ್ದರೆ ನೇಮಕ ಊರ್ಜಿತ. ಆ ಎರಡನೇ ದಾರಿಯೇ ಮೊದಲನೆಯದಾಗಿದ್ದರೆ ಒಳ್ಳೆಯದಿತ್ತು ಎಂಬುದು ನನ್ನ ಅಭಿಪ್ರಾಯ.

ನಿಯಮ ಬರೆದರೆ ಸಾಲದು ಎಂಬುದಕ್ಕೂ ಭಾರತದ್ದೇ ಸಾಕ್ಷ್ಯವಿದೆ. ಸ್ವತಂತ್ರ ನಿರ್ದೇಶಕರನ್ನು, ಆಡಿಟ್ ಸಮಿತಿಯನ್ನು ತಂದ ಸೆಬಿಯ ಲಿಸ್ಟಿಂಗ್ ನಿಯಮದ ಕಲಂ 49, 2000ನೇ ಇಸವಿಯಲ್ಲಿ ಬಂತು. ಉಲ್ಲಂಘಿಸಿದರೆ 25 ಕೋಟಿವರೆಗೆ ದಂಡ ಎಂಬ ಕಾನೂನು ಸೇರಿದ್ದು 2004ರಲ್ಲಿ. ಧಮ್ಮಿಕ ಧರ್ಮಪಾಲ ಮತ್ತು ವಿಕ್ರಮಾದಿತ್ಯ ಖನ್ನಾ, ಕಲಂ 49 ಅನ್ವಯಿಸಿದ ಕಂಪನಿಗಳನ್ನೂ ಅನ್ವಯಿಸದ ಕಂಪನಿಗಳನ್ನೂ ಹೋಲಿಸಿದರು. ಕಂಪನಿಯ ಮೌಲ್ಯದ ಮೇಲೆ ದೊಡ್ಡ ಪರಿಣಾಮ ಕಂಡದ್ದು ಸುಧಾರಣೆಯ ಜತೆ 2004ರ ದಂಡವೂ ಕೂಡಿದಾಗ.

ಆಡಿಟರ್ ಸಂಬಳ: ಗುಜರಾತಿನ ಪ್ರಯೋಗ

ಲೆಕ್ಕಪರಿಶೋಧನೆಯ ಬಗ್ಗೆ ಭಾರತದಲ್ಲಿ ನಡೆದ ಅತ್ಯುತ್ತಮ ಪ್ರಯೋಗ ಹಣದ ಲೆಕ್ಕದ್ದಲ್ಲ, ಹೊಗೆಯದ್ದು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜತೆಗೂಡಿ ಅಹಮದಾಬಾದ್ ಮತ್ತು ಸೂರತ್ ಪ್ರದೇಶದ 473 ಕಾರ್ಖಾನೆಗಳಲ್ಲಿ ಎರಡು ವರ್ಷ ನಡೆಸಿದ ಕೆಲಸವದು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಲ್ಲಿನ ಹಳೆ ಪದ್ಧತಿ ಕಂಪನಿ ಆಡಿಟ್‌ನಂತೆಯೇ: ಕಾರ್ಖಾನೆ ತನ್ನ ಪರಿಶೋಧಕನನ್ನು ತಾನೇ ಆರಿಸುತ್ತದೆ, ತಾನೇ ಶುಲ್ಕ ಕೊಡುತ್ತದೆ.

ಪ್ರಯೋಗದ ಗುಂಪಿನಲ್ಲಿ ಇದನ್ನು ಬದಲಿಸಿದರು. ಯಾವ ಕಾರ್ಖಾನೆಗೆ ಯಾರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಶುಲ್ಕವನ್ನು ಒಂದು ಸಾಮಾನ್ಯ ನಿಧಿಯಿಂದ, ಮೊದಲೇ ನಿಗದಿಯಾದ ದರದಲ್ಲಿ ಕೊಟ್ಟರು. ಪರಿಶೋಧಕ ಅಳೆದು ಹೋದ ಚಿಮಣಿಗಳಲ್ಲಿ ಕೆಲವನ್ನು ಬೇರೆಯವರು ಹೋಗಿ ಮತ್ತೆ ಅಳೆದರು. ಎರಡನೇ ವರ್ಷ, ನಿಖರವಾಗಿ ಅಳೆದವರಿಗೆ ಹೆಚ್ಚು ಶುಲ್ಕ. ಹಳೆ ಪದ್ಧತಿಯ ಗುಂಪಿನಲ್ಲಿ ಹೊಗೆಯ ಕಣಗಳ ಮಿತಿ ಮೀರಿದ ಕಾರ್ಖಾನೆಗಳು ಶೇ 7 ಮಾತ್ರ ಎಂದು ಪರಿಶೋಧಕರ ವರದಿಗಳಿದ್ದವು. ಮರು ಅಳತೆಯಲ್ಲಿ ಸಿಕ್ಕಿದ್ದು ಶೇ 59. ಹೊಸ ಪದ್ಧತಿಯ ಗುಂಪಿನಲ್ಲಿ, ಮಿತಿ ಮೀರಿದ್ದನ್ನು ಮಿತಿಯೊಳಗಿದೆ ಎಂದು ಸುಳ್ಳು ಬರೆಯುವ ಪ್ರಮಾಣ ಶೇ 80ರಷ್ಟು ಕುಸಿಯಿತು. ಕಾರ್ಖಾನೆಗಳು ನಿಜವಾಗಿ ಉಗುಳುವ ಮಾಲಿನ್ಯವೂ ಕಡಿಮೆಯಾಯಿತು. ಅದೇ ಊರು, ಅದೇ ವೃತ್ತಿಯ ಜನ. ಬದಲಾದದ್ದು ಹಣ ಯಾರ ಕೈಯಿಂದ ಬರುತ್ತದೆ, ಮರುಪರೀಕ್ಷೆ ಇದೆಯೇ ಎಂಬುದು. ನಾಲ್ಕು ಬದಲಾವಣೆ ಒಟ್ಟಿಗೆ ಆದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಕಂಪನಿ ಲೆಕ್ಕಪರಿಶೋಧನೆಯಲ್ಲಿ ಇವುಗಳಲ್ಲಿ ಎಷ್ಟು ಬಂದಿದೆ? 2013ರ ಕಂಪನಿ ಕಾಯ್ದೆಯಂತೆ ಒಂದೇ ಆಡಿಟ್ ಸಂಸ್ಥೆ ಐದೈದು ವರ್ಷದ ಎರಡು ಅವಧಿಗಿಂತ ಹೆಚ್ಚು ಮುಂದುವರಿಯುವಂತಿಲ್ಲ. 2018ರ ಅಕ್ಟೋಬರ್‌ನಲ್ಲಿ ರಚನೆಯಾದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ, ಆಡಿಟ್ ಕಡತ ತರಿಸಿ ಮರುಪರೀಕ್ಷೆ ಮಾಡುತ್ತದೆ, ದಂಡ ಹಾಕುತ್ತದೆ, ನಿಷೇಧಿಸುತ್ತದೆ. ಕಾಫಿ ಡೇ ಗುಂಪಿನ ಆಡಿಟರ್‌ಗಳ ಮೇಲೂ ಕ್ರಮ ಕೈಗೊಂಡಿದೆ. ಇದು ಪ್ರಯೋಗದ ಮೂರನೇ ಅಂಶ. ಮೊದಲ ಎರಡು, ಅಂದರೆ ಆಯ್ಕೆ ಮತ್ತು ಶುಲ್ಕ, ಇನ್ನೂ ಕಂಪನಿಯ ಕೈಯಲ್ಲೇ ಇವೆ. ಕಾಗದದ ಮೇಲೆ ಷೇರುದಾರರು ನೇಮಿಸುತ್ತಾರೆ, ಆದರೆ ಹೆಸರು ಸೂಚಿಸುವುದು ಮಂಡಳಿ, ಮತದ ಬಲ ಪ್ರವರ್ತಕರದ್ದು.

ಸೂತ್ರಗಳು ಎಲ್ಲಿ ಸೋಲುತ್ತವೆ

ಲೆಕ್ಕದ ಕೈಚಳಕ ಹಿಡಿಯಲು ವಿದ್ವಾಂಸರು ಹೆಚ್ಚು ಬಳಸುವ ಅಳತೆ, ಲಾಭ ಮತ್ತು ಕೈಗೆ ಬಂದ ನಗದಿನ ನಡುವಿನ ಅಂತರ. ಲಾಭ 100 ಕೋಟಿ, ವ್ಯಾಪಾರದಿಂದ ಬಂದ ನಗದು 35 ಕೋಟಿ ಆದರೆ 65 ಕೋಟಿ ಇನ್ನೂ ಕಾಗದದ ಮೇಲಿದೆ. ಜೆನ್ನಿಫರ್ ಜೋನ್ಸ್ 1991ರಲ್ಲಿ, ಆಮದಿನಿಂದ ರಕ್ಷಣೆ ಕೇಳುತ್ತಿದ್ದ ಅಮೆರಿಕದ ಕಂಪನಿಗಳು ತನಿಖೆಯ ಅವಧಿಯಲ್ಲಿ ಲಾಭ ತಗ್ಗಿಸಿ ತೋರಿಸುತ್ತವೆಯೇ ಎಂದು ನೋಡಲು ಈ ಅಂತರದ ಸಹಜ ಭಾಗವನ್ನೂ ಅಸಹಜ ಭಾಗವನ್ನೂ ಬೇರ್ಪಡಿಸುವ ಮಾದರಿ ಕಟ್ಟಿದರು. 1995ರಲ್ಲಿ ಡೆಚೊ, ಸ್ಲೋನ್, ಸ್ವೀನಿ ಅದನ್ನು ತಿದ್ದಿದರು. ವೇಗವಾಗಿ ಬೆಳೆಯುವ ಕಂಪನಿಯಲ್ಲಿ ಬಾಕಿ, ದಾಸ್ತಾನು ಸಹಜವಾಗಿಯೇ ಏರುತ್ತವೆ. ಮಾದರಿ ಅದನ್ನೂ ಅಸಹಜ ಎಂದು ಗುರುತಿಸಿಬಿಡಬಹುದು. ಒಂದು ಉದ್ಯಮದಲ್ಲಿ ಹತ್ತಾರು ಕಂಪನಿಗಳೂ ಇಲ್ಲದ ಕಡೆ ಹೋಲಿಕೆಯೇ ಸಡಿಲ.

ಮೆಸೋಡ್ ಬೆನಿಶ್ 1999ರಲ್ಲಿ ಕೊಟ್ಟ ಎಂಟು ಅನುಪಾತಗಳ ಅಂಕವನ್ನು ಇಂದು ಯಾರು ಬೇಕಾದರೂ ಎಕ್ಸೆಲ್‌ನಲ್ಲಿ ಹಾಕಬಹುದು. ಅದರಲ್ಲಿ ಮೊದಲನೆಯದೊಂದನ್ನೇ ನೋಡಿದರೂ ಸಾಕಷ್ಟು ತಿಳಿಯುತ್ತದೆ. ಈ ವರ್ಷದ ಗ್ರಾಹಕರ ಬಾಕಿಯನ್ನು ಮಾರಾಟದಿಂದ ಭಾಗಿಸಿ, ಹೋದ ವರ್ಷದ ಅದೇ ಅನುಪಾತದಿಂದ ಮತ್ತೆ ಭಾಗಿಸಿ. ಹೋದ ವರ್ಷ 1,000 ಕೋಟಿ ಮಾರಾಟಕ್ಕೆ 150 ಕೋಟಿ ಬಾಕಿ, ಈ ವರ್ಷ 1,200 ಕೋಟಿಗೆ 270 ಕೋಟಿ ಬಾಕಿ ಎಂದರೆ 0.225 ಭಾಗಿಸು 0.15, ಅಂದರೆ 1.5. ಬೆನಿಶ್ ಮಾದರಿಯಲ್ಲಿ ಲೆಕ್ಕ ತಿರುಚಿದ ಕಂಪನಿಗಳ ಸರಾಸರಿ ಸುಮಾರು 1.46, ಉಳಿದವುಗಳದ್ದು ಸುಮಾರು 1.03. ಬ್ಯಾಂಕ್, ಹಣಕಾಸು ಸಂಸ್ಥೆಗಳಿಗೆ ಈ ಲೆಕ್ಕ ಹೊಂದದು.

ಆದರೆ ಈ ಎಲ್ಲ ಸೂತ್ರಗಳೂ ನಗದನ್ನು ನಂಬುತ್ತವೆ. ಸತ್ಯಂನಲ್ಲಿ ಸುಳ್ಳಾಗಿದ್ದದ್ದು ನಗದೇ. ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅದರ ಮೇಲೆ 376 ಕೋಟಿಯ ಇಲ್ಲದ ಬಡ್ಡಿಯನ್ನೂ ಬರೆದಿದ್ದರು. ಲಾಭ ಸುಳ್ಳು, ಅದಕ್ಕೆ ಸರಿಯಾಗಿ ನಗದೂ ಸುಳ್ಳು ಆದಾಗ ಎರಡರ ನಡುವಿನ ಅಂತರ ಚಿಕ್ಕದಾಗಿಯೇ ಕಾಣುತ್ತದೆ. ಇದನ್ನು ಹಿಡಿಯಬಹುದಾಗಿದ್ದದ್ದು ತೀರ ಹಳೆಯ ಕೆಲಸವೊಂದು: ಆಡಿಟರ್ ತಾನೇ ಬ್ಯಾಂಕಿಗೆ ಪತ್ರ ಕಳುಹಿಸಿ, ಉತ್ತರವನ್ನು ನೇರವಾಗಿ ತನ್ನ ಕಚೇರಿಗೆ ತರಿಸಿಕೊಳ್ಳುವುದು. ದೃಢೀಕರಣ ಪತ್ರಗಳ ಮೇಲೆ ಆಡಿಟರ್‌ಗಳಿಗೆ ಹಿಡಿತವಿರಲಿಲ್ಲ ಎಂಬುದೇ 2011ರಲ್ಲಿ ಅಮೆರಿಕದ ನಿಯಂತ್ರಕರು ಕೊಟ್ಟ ಆದೇಶಗಳ ತಿರುಳಾಗಿತ್ತು. ಹೂಡಿಕೆದಾರ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ವರ್ಷದ ಬಡ್ಡಿ ಆದಾಯವನ್ನು ಸರಾಸರಿ ನಗದು ಮತ್ತು ಠೇವಣಿಯಿಂದ ಭಾಗಿಸಿ. ಬ್ಯಾಂಕಿನ ಠೇವಣಿ ದರ ಶೇ 7 ಇರುವಾಗ ಶೇ 2 ಬಂದರೆ ಏಕೆಂದು ಕೇಳಬೇಕು. ಕೈಯಲ್ಲಿ 2,000 ಕೋಟಿ ನಗದಿದ್ದೂ ಶೇ 10ರ ಬಡ್ಡಿಗೆ 1,500 ಕೋಟಿ ಸಾಲ ಮಾಡಿರುವ ಕಂಪನಿಯನ್ನೂ ಕೇಳಬೇಕು. ವರ್ಷವಿಡೀ ಹಣ ಬೇರೆಡೆ ಇದ್ದು ಮಾರ್ಚ್‌ನಲ್ಲಿ ಮಾತ್ರ ಮನೆಗೆ ಬಂದಾಗಲೂ ಬಡ್ಡಿ ಹೀಗೆ ಸೊರಗುತ್ತದೆ.

ವರದಿ ಕೈಗೆತ್ತಿಕೊಂಡಾಗ

ಅಧ್ಯಕ್ಷರ ಸಂದೇಶ ಬಿಟ್ಟು ನೇರವಾಗಿ ಸಂಬಂಧಿತ ಪಕ್ಷಗಳ ಟಿಪ್ಪಣಿಗೆ ಹೋಗಿ. ಇದು ಇಂಡ್ ಎಎಸ್ 24 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಬರೆದಿರುತ್ತದೆ, ಸಾಮಾನ್ಯವಾಗಿ ಹಣಕಾಸು ಟಿಪ್ಪಣಿಗಳ ಕೊನೆಯ ಭಾಗದಲ್ಲಿ ಇರುತ್ತದೆ. ಪ್ರತ್ಯೇಕ ಲೆಕ್ಕದ ಟಿಪ್ಪಣಿಯನ್ನೂ ಕ್ರೋಡೀಕೃತ ಲೆಕ್ಕದ ಟಿಪ್ಪಣಿಯನ್ನೂ ಓದಬೇಕು. ಕ್ರೋಡೀಕರಿಸುವಾಗ ತಾಯಿ ಕಂಪನಿ ಮತ್ತು ಅಂಗಸಂಸ್ಥೆಗಳ ನಡುವಿನ ವ್ಯವಹಾರ ಅಳಿಸಿಹೋಗುತ್ತದೆ. ಮೂರು ವರ್ಷದ ವರದಿ ತೆಗೆದು, ಪ್ರತಿ ಸಂಬಂಧಿತ ಕಂಪನಿಯ ಹೆಸರಿಗೆ ಒಂದು ಸಾಲು ಹಾಕಿ: ಖರೀದಿ, ಮಾರಾಟ, ಬಾಡಿಗೆ, ರಾಯಲ್ಟಿ, ಕೊಟ್ಟ ಸಾಲ, ಮುಂಗಡ, ಭದ್ರತಾ ಠೇವಣಿ, ಗ್ಯಾರಂಟಿ. ರಾಯಲ್ಟಿ ಕ್ರೋಡೀಕೃತ ವಹಿವಾಟಿನ ಶೇ 5 ದಾಟಿದರೆ ಷೇರುದಾರರ ಒಪ್ಪಿಗೆ ಬೇಕು. ಶೇ 4.9ರಲ್ಲಿ ವರ್ಷ ವರ್ಷ ನಿಂತಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಬಾಕಿಗಿಂತ ಮೊದಲು ಹರಿವನ್ನು ನೋಡಿ. ವರ್ಷದಲ್ಲಿ ಕೊಟ್ಟ ಮುಂಗಡ 400 ಕೋಟಿ, ಹಿಂದೆ ಬಂದದ್ದು 390 ಕೋಟಿ, ಮಾರ್ಚ್ ಬಾಕಿ 10 ಕೋಟಿ ಎಂದಿದ್ದರೆ ಮುಖ್ಯವಾದ ಅಂಕಿ 400. ಅಂಗಸಂಸ್ಥೆಗಳಿಗೆ, ಸಹವರ್ತಿ ಕಂಪನಿಗಳಿಗೆ, ನಿರ್ದೇಶಕರ ಹಿತಾಸಕ್ತಿ ಇರುವ ಸಂಸ್ಥೆಗಳಿಗೆ ಕೊಟ್ಟ ಸಾಲದ ವರ್ಷದೊಳಗಿನ ಗರಿಷ್ಠ ಬಾಕಿಯನ್ನು ವಾರ್ಷಿಕ ವರದಿಯಲ್ಲಿ ತೋರಿಸಬೇಕೆಂದು ಸೆಬಿ ನಿಯಮವಿದೆ. ಗರಿಷ್ಠ ಬಾಕಿ ಮತ್ತು ವರ್ಷಾಂತ್ಯದ ಬಾಕಿ ನಡುವೆ ಹತ್ತು ಪಟ್ಟು ಅಂತರ ಕಂಡರೆ ಮಾರ್ಚ್‌ನ ಬ್ಯಾಂಕ್ ಓಡಾಟದ ಬಗ್ಗೆ ಕಂಪನಿಯನ್ನು ಕೇಳುವ ಹಕ್ಕು ನಿಮಗಿದೆ.

ಆಮೇಲೆ ಆಡಿಟ್ ವರದಿಯ ಅನುಬಂಧ, ಅಂದರೆ ಆಡಿಟರ್ ಏನೇನು ವರದಿ ಮಾಡಬೇಕೆಂದು ಹೇಳುವ ಸರ್ಕಾರಿ ಆದೇಶವಾದ ಕಾರೋ 2020ರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಮೂರನೇ ಅಂಶದಲ್ಲಿ, ಅವಧಿ ಮುಗಿದ ಸಾಲವನ್ನು ನವೀಕರಿಸಿದ್ದಾರೆಯೇ, ಹಳೆ ಬಾಕಿ ತೀರಿಸಲು ಅದೇ ಪಕ್ಷಕ್ಕೆ ಹೊಸ ಸಾಲ ಕೊಟ್ಟಿದ್ದಾರೆಯೇ, ಪ್ರವರ್ತಕರಿಗೆ ಅಥವಾ ಸಂಬಂಧಿತರಿಗೆ ಮರುಪಾವತಿಯ ಗಡುವೇ ಇಲ್ಲದ ಸಾಲ ಎಷ್ಟು ಎಂದು ಆಡಿಟರ್ ಬರೆಯಲೇಬೇಕು. ಹದಿನೆಂಟನೇ ಅಂಶ ಹಿಂದಿನ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಅದರ ಬಗ್ಗೆ. 2019ರ ಅಕ್ಟೋಬರ್ ಸುತ್ತೋಲೆಯ ನಂತರ ಆಡಿಟರ್ ತ್ರೈಮಾಸಿಕದ ಕೆಲಸವನ್ನು ನಡುವೆ ಬಿಟ್ಟು ಎದ್ದುಹೋಗುವಂತಿಲ್ಲ. ತ್ರೈಮಾಸಿಕ ಮುಗಿದು 45 ದಿನದೊಳಗೆ ಹೊರಟರೆ ಆ ತ್ರೈಮಾಸಿಕದ ವರದಿ ಕೊಟ್ಟು ಹೋಗಬೇಕು, ಆಮೇಲಾದರೆ ಮುಂದಿನದನ್ನೂ ಕೊಡಬೇಕು. 'ಕೆಲಸದ ಒತ್ತಡ' ಎಂಬ ಕಾರಣ ಕೊಟ್ಟು, ಕೇಳಿದ ಮಾಹಿತಿ ಬಂತೋ ಇಲ್ಲವೋ ಹೇಳದೆ ಹೋದ ಪತ್ರ ಕಂಡರೆ ಆ ಕಂಪನಿಯ ಉಳಿದ ಪುಟಗಳನ್ನು ಎರಡು ಸಲ ಓದಿ.

ಸಂಭಾವ್ಯ ಹೊಣೆಗಾರಿಕೆಯ ಟಿಪ್ಪಣಿಯಲ್ಲಿ ಪ್ರವರ್ತಕರ ಬೇರೆ ಕಂಪನಿಗೆ ಕೊಟ್ಟ ಕಾರ್ಪೊರೇಟ್ ಗ್ಯಾರಂಟಿ, ಅಂದರೆ ಅದರ ಸಾಲಕ್ಕೆ ನಿಂತ ಜಾಮೀನು ಹುಡುಕಿ, ಕಂಪನಿಯ ನಿವ್ವಳ ಮೌಲ್ಯದ ಜತೆ ಹೋಲಿಸಿ. ಗ್ಯಾರಂಟಿಯಲ್ಲಿ ಅಂದು ಹಣ ಹೊರಹೋಗುವುದಿಲ್ಲ, ಹಾಗಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ. ಅಂಗಸಂಸ್ಥೆಗಳ ಲೆಕ್ಕ ಬೇಕೆಂದರೆ, ಪ್ರತಿ ಅಂಗಸಂಸ್ಥೆಯ ಪರಿಶೋಧಿತ ಲೆಕ್ಕವನ್ನು ತಾಯಿ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಕಂಪನಿ ಕಾಯ್ದೆಯ 136ನೇ ಕಲಂ ಹೇಳುತ್ತದೆ. ಕಾಫಿ ಡೇ ಪ್ರಕರಣ ನೆನಪಿರುವವರು ಇವುಗಳನ್ನು ಬಿಡಬಾರದು. ಷೇರು ವಿನಿಮಯ ಕೇಂದ್ರಗಳ ತಾಣದಲ್ಲಿ ಅರ್ಧ ವರ್ಷಕ್ಕೊಮ್ಮೆ, ಫಲಿತಾಂಶ ಪ್ರಕಟಿಸಿದ ದಿನವೇ, ಸಂಬಂಧಿತ ವ್ಯವಹಾರಗಳ ಪಟ್ಟಿ ಬರುತ್ತದೆ. ಸಾಲವಾದರೆ ಬಡ್ಡಿ ದರ, ಅವಧಿ, ಭದ್ರತೆ, ಹಣ ಯಾವುದಕ್ಕೆ ಬಳಕೆ ಎಂಬ ಅಂಕಣಗಳೂ ಅಲ್ಲಿರುತ್ತವೆ. ಸೆಪ್ಟೆಂಬರ್ ಪಟ್ಟಿಯನ್ನು ಮಾರ್ಚ್ ಪಟ್ಟಿಯ ಪಕ್ಕ ಇಟ್ಟರೆ ಒಂದು ಫೋಟೊ ಎರಡಾಗುತ್ತದೆ.

ಮಿತಿ ದಾಟಿದ ವ್ಯವಹಾರ ಮತಕ್ಕೆ ಬಂದಾಗ ಸಂಬಂಧಿತ ಪಕ್ಷಗಳು ಅದನ್ನು ಒಪ್ಪಲು ಮತ ಹಾಕುವಂತಿಲ್ಲ. ಇಲ್ಲಿ ಪ್ರವರ್ತಕನ 60 ಲೆಕ್ಕಕ್ಕೇ ಬರುವುದಿಲ್ಲ. ಉಳಿದ 40ರಲ್ಲಿ 12 ಮಾತ್ರ ಮತಕ್ಕೆ ಬಂದರೆ ಆರಕ್ಕಿಂತ ಒಂದು ಹೆಚ್ಚು ಬಿದ್ದ ಕಡೆಗೆ ತೀರ್ಮಾನ. ರಿಮೋಟ್ ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಡಿಮ್ಯಾಟ್ ಖಾತೆಯ ಲಾಗಿನ್ ಸಾಕು, ಐದು ನಿಮಿಷದ ಕೆಲಸ. ಷೇರು ನೇರವಾಗಿ ಇಲ್ಲದೆ ಮ್ಯೂಚುವಲ್ ಫಂಡ್ ಮೂಲಕ ಹೂಡಿದ್ದರೆ, 2021ರ ಏಪ್ರಿಲ್‌ನಿಂದ ಸಂಬಂಧಿತ ಪಕ್ಷದ ವ್ಯವಹಾರಗಳಿಗೆ, 2022ರ ಏಪ್ರಿಲ್‌ನಿಂದ ಎಲ್ಲ ನಿರ್ಣಯಗಳಿಗೆ ಫಂಡ್‌ಗಳು ಮತ ಹಾಕುವುದು ಕಡ್ಡಾಯ. ಯಾವ ಕಂಪನಿಯ ಯಾವ ನಿರ್ಣಯಕ್ಕೆ ಪರವೋ ವಿರುದ್ಧವೋ, ಏಕೆ ಎಂಬ ವಿವರವನ್ನು ಅವು ಮೂರು ತಿಂಗಳಿಗೊಮ್ಮೆ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ನಿಮ್ಮ ಎಸ್‌ಐಪಿ ಹಣ ಯಾರ ಪರ ಮತ ಹಾಕಿತು ಎಂದು ಅಲ್ಲಿ ನೋಡಬಹುದು.